ಹಿಂಡಿ ಬೇಕಾದಷ್ಟಿದೆ, ಮರಿ ಮಾತ್ರ ಮೈದುಂಬುತ್ತಿಲ್ಲ

ಪ್ರಶ್ನೆ: ಮೂರು ತಿಂಗಳು ತುಂಬಿದ 20 ಬನ್ನೂರು ಟಗರು ಮರಿಗಳನ್ನು ತಂದು ಶೆಡ್ಡಿನಲ್ಲೇ ಸಾಕುತ್ತಿದ್ದೇನೆ. ತಂದಾಗ ಸರಾಸರಿ 13.2 ಕೆ.ಜಿ. ಇದ್ದವು. 40 ದಿನ ಆದ ಮೇಲೆ ತೂಗಿದರೆ 15 ಕೆ.ಜಿ. ಒಂದು ಮರಿಗೆ ದಿನಕ್ಕೆ 150 ಗ್ರಾಂ ಕಡಲೆಕಾಯಿ ಹಿಂಡಿ, ಅರ್ಧ ಕೆ.ಜಿ. ಹಸಿ ಬೇಲಿ ಮೆಂತೆ (ಹೆಡ್ಜ್ ಲೂಸರ್ನ್) ಸೊಪ್ಪು, ಜೊತೆಗೆ ರಾಗಿ ಹುಲ್ಲು ಕೊಡುತ್ತೇನೆ. ಹುಲ್ಲನ್ನು ಒಂದೊಂದು ಕಾಲು ಕೆ.ಜಿ.ಯಷ್ಟು ತಿನ್ನುತ್ತವೆ. ಜಂತುಹುಳು ಔಷಧಿ ಹಾಕಿಸಿ, ಹಿಕ್ಕೆ ಪರೀಕ್ಷೆಯನ್ನೂ ಮಾಡಿಸಿದ್ದೇನೆ, ಹುಳು ಇಲ್ಲ. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ಗಾಟು. ಹಿಂಡಿಯನ್ನು 200 ಗ್ರಾಂಗೆ ಏರಿಸಲೇ? ಮುಸುಕಿನ ಜೋಳ ಕೊಟ್ಟರೆ ಬರೀ ಕೊಬ್ಬು ಕಟ್ಟುತ್ತದೆ ಎನ್ನುತ್ತಾರೆ, ನಿಜವೇ? ಯೂರಿಯಾ ಸೇರಿಸಬಹುದೇ?

ಉತ್ತರ: ಹಿಂಡಿ ಏರಿಸಬೇಡಿ, ಇಳಿಸಿ. ನಿಮ್ಮ ಮರಿಗಳಿಗೆ ಪ್ರೋಟೀನ್ ಕೊರತೆಯಿಲ್ಲ. ತಿಂದ ಪ್ರೋಟೀನನ್ನು ಮಾಂಸವಾಗಿಸಲು ಬೇಕಾದ ಶಕ್ತಿ ಸಾಲದಾಗಿದೆ. ಏರದ ತೂಕ, ಕಣ್ಣುರಿಸುವ ಗಾಟು ಎರಡಕ್ಕೂ ಕಾರಣ ಇದೊಂದೇ.

ನೀವು ಕೊಡುತ್ತಿರುವುದನ್ನೇ ಲೆಕ್ಕ ಹಾಕೋಣ. ಮೇವಿನಲ್ಲಿರುವ ನೀರನ್ನು ಕಳೆದು ಒಣ ಅಂಶ ಮಾತ್ರ ಹಿಡಿಯಬೇಕು, ಇಲ್ಲದಿದ್ದರೆ ಅರ್ಧ ಕೆ.ಜಿ. ಹಸಿಮೇವು ಬಹಳ ದೊಡ್ಡದಾಗಿ ಕಾಣುತ್ತದೆ. ಕಾಲು ಕೆ.ಜಿ. ರಾಗಿ ಹುಲ್ಲಿನಲ್ಲಿ ಒಣ ಅಂಶ 225 ಗ್ರಾಂ, ಅರ್ಧ ಕೆ.ಜಿ. ಬೇಲಿ ಮೆಂತೆಯಲ್ಲಿ 125 ಗ್ರಾಂ, ಹಿಂಡಿಯಲ್ಲಿ 135 ಗ್ರಾಂ, ಒಟ್ಟು 485 ಗ್ರಾಂ. ಇದರಲ್ಲಿ ಪ್ರೋಟೀನ್ ಎಷ್ಟು? ರಾಗಿ ಹುಲ್ಲಿನಲ್ಲಿ ಶೇ. 3.5ರಂತೆ 8 ಗ್ರಾಂ, ಬೇಲಿ ಮೆಂತೆಯಲ್ಲಿ ಶೇ. 18ರಂತೆ 22 ಗ್ರಾಂ, ಹಿಂಡಿಯಲ್ಲಿ ಶೇ. 42ರಂತೆ 57 ಗ್ರಾಂ. ಒಟ್ಟು 87 ಗ್ರಾಂ, ಅಂದರೆ ತಿಂದ ಒಣ ಅಂಶದ ಶೇ. 18. ಈ ವಯಸ್ಸಿನ ಮರಿಗೆ ಶೇ. 14ರ ಆಸುಪಾಸು ಇದ್ದರೆ ಸಾಕು.

ಇನ್ನು ಶಕ್ತಿ. ಅದನ್ನು ಅಳೆಯಲು ನಮ್ಮಲ್ಲಿ ಬಳಕೆಯಲ್ಲಿರುವುದು ಟಿಡಿಎನ್, ಅಂದರೆ ಮೇವಿನಲ್ಲಿ ಒಟ್ಟು ಜೀರ್ಣವಾಗುವ ಪೋಷಕಾಂಶ. ರಾಗಿ ಹುಲ್ಲಿಗೆ ಶೇ. 45, ಬೇಲಿ ಮೆಂತೆಗೆ 55, ಹಿಂಡಿಗೆ 75 ಎಂದು ಹಿಡಿದರೆ ನಿಮ್ಮ ಮರಿಗೆ ದಿನಕ್ಕೆ ಸಿಗುತ್ತಿರುವುದು ಸುಮಾರು 270 ಗ್ರಾಂ. 15 ಕೆ.ಜಿ. ಮರಿಗೆ ಉಸಿರಾಡಲು, ನಿಲ್ಲಲು, ಮೈ ಬೆಚ್ಚಗಿಟ್ಟುಕೊಳ್ಳಲು, ಅಂದರೆ ಬರೀ ಜೀವ ಹಿಡಿದುಕೊಳ್ಳಲು 210 ಗ್ರಾಂ ಬೇಕು. ದಿನಕ್ಕೆ 100 ಗ್ರಾಂ ತೂಕ ಏರಬೇಕಾದರೆ ಅದರ ಮೇಲೆ ಇನ್ನೂ 150 ಗ್ರಾಂ. ನಿಮ್ಮ ಮರಿಗೆ ಮೇಲೆ ಉಳಿಯುವುದು 60 ಗ್ರಾಂ ಮಾತ್ರ, ಅಷ್ಟಕ್ಕೆ 40 ಗ್ರಾಂ ತೂಕ ಬರಬೇಕು. ನೀವು ತೂಗಿ ಬರೆದಿರುವುದು 40 ದಿನಕ್ಕೆ 1.8 ಕೆ.ಜಿ., ದಿನಕ್ಕೆ 45 ಗ್ರಾಂ. ಲೆಕ್ಕ ತಕ್ಕಡಿಗೆ ಹೊಂದುತ್ತಿದೆ. ಇವೆಲ್ಲ ಸರಾಸರಿ ಅಂಕಿಗಳು, ಮೇವು ಕೊಯ್ದ ಹದಕ್ಕೆ, ಹಿಂಡಿಯ ಗಾಣಕ್ಕೆ ತಕ್ಕಂತೆ ಆಚೀಚೆ ಆಗುತ್ತವೆ. ಆದರೆ ತೂಕ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಇಷ್ಟು ಸಾಕು.

ಹಾಗಾದರೆ 87 ಗ್ರಾಂ ಪ್ರೋಟೀನ್ ಎಲ್ಲಿಗೆ ಹೋಗುತ್ತಿದೆ? ಕುರಿ ನಮ್ಮಂತೆ ತಿಂದದ್ದನ್ನು ನೇರವಾಗಿ ಕರುಳಿಗೆ ಇಳಿಸುವುದಿಲ್ಲ. ಮೊದಲು ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳು ಅದನ್ನು ತಿನ್ನುತ್ತವೆ. ಹಿಂಡಿಯ ಪ್ರೋಟೀನನ್ನು ಒಡೆದು ಅಮೋನಿಯಾ ಮಾಡುತ್ತವೆ, ಆ ಅಮೋನಿಯಾದಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಆಮೇಲೆ ಆ ಸೂಕ್ಷ್ಮಾಣುಗಳೇ ಕೆಳಗಿಳಿದು ಕರುಳಿನಲ್ಲಿ ಜೀರ್ಣವಾಗಿ ಮರಿಗೆ ಪ್ರೋಟೀನ್ ಆಗುತ್ತವೆ. ಹೀಗೆ ಮೈ ಕಟ್ಟಿಕೊಳ್ಳಲು ಅವಕ್ಕೆ ಹುದುಗುವ ಪಿಷ್ಟ, ಸಕ್ಕರೆ, ಒಳ್ಳೆಯ ನಾರು ಬೇಕು. ಸುಮಾರಾಗಿ ಒಂದು ಕೆ.ಜಿ. ಟಿಡಿಎನ್‌ಗೆ 130 ಗ್ರಾಂ ಸೂಕ್ಷ್ಮಾಣು ಪ್ರೋಟೀನ್ ತಯಾರಾಗುತ್ತದೆ. ನಿಮ್ಮ ಮರಿಯ 270 ಗ್ರಾಂ ಟಿಡಿಎನ್‌ಗೆ ಅದು 35 ಗ್ರಾಂ.

ಕಡಲೆಕಾಯಿ ಹಿಂಡಿಯ ಪ್ರೋಟೀನ್ ರೂಮೆನ್‌ನಲ್ಲಿ ಬಲು ಬೇಗ ಒಡೆಯುತ್ತದೆ, ನೂರಕ್ಕೆ 70ಕ್ಕೂ ಹೆಚ್ಚು ಭಾಗ ಅಲ್ಲೇ ಮುಗಿಯುತ್ತದೆ. ಬೇಲಿ ಮೆಂತೆಯದೂ ಹೆಚ್ಚುಕಡಿಮೆ ಹಾಗೆಯೇ. ಎಲ್ಲ ಸೇರಿ ದಿನಕ್ಕೆ 60 ಗ್ರಾಂ ಪ್ರೋಟೀನ್ ಅಮೋನಿಯಾ ಆಗುತ್ತಿದೆ, ಸೂಕ್ಷ್ಮಾಣುಗಳು ಹಿಡಿದುಕೊಳ್ಳಬಲ್ಲದ್ದು 35 ಗ್ರಾಂ. ಉಳಿದ 25 ಗ್ರಾಮಿನಲ್ಲಿ 4 ಗ್ರಾಂ ಸಾರಜನಕ ಇದೆ. ಅದು ಅಮೋನಿಯಾ ರೂಪದಲ್ಲೇ ರೂಮೆನ್ ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ. ಅಮೋನಿಯಾ ವಿಷ, ಹಾಗಾಗಿ ಲಿವರ್ ಅದನ್ನು ಹಿಡಿದು ಯೂರಿಯಾ ಮಾಡುತ್ತದೆ. ಈ ಕೆಲಸಕ್ಕೂ ಶಕ್ತಿ ಖರ್ಚಾಗುತ್ತದೆ, ಮೊದಲೇ ಶಕ್ತಿಗೆ ಬರವಿರುವ ಮರಿಗೆ ಇನ್ನೊಂದು ಹೊರೆ. ಆ ಯೂರಿಯಾದಲ್ಲಿ ಸ್ವಲ್ಪ ಜೊಲ್ಲಿನ ಮೂಲಕ, ರೂಮೆನ್ ಗೋಡೆಯ ಮೂಲಕ ಮತ್ತೆ ರೂಮೆನ್‌ಗೆ ಬರುತ್ತದೆ. ಪ್ರೋಟೀನ್ ಇಲ್ಲದ ಕಾಲದಲ್ಲಿ ಕುರಿಯನ್ನು ಬದುಕಿಸುವುದು ಇದೇ ಏರ್ಪಾಡು. ಆದರೆ ಅಲ್ಲಿ ಆಗಲೇ ಅಮೋನಿಯಾ ತುಂಬಿದ್ದರೆ ವಾಪಸು ಬಂದದ್ದಕ್ಕೂ ಕೆಲಸವಿಲ್ಲ, ಮೂತ್ರದಲ್ಲಿ ಹೋಗುತ್ತದೆ.

4 ಗ್ರಾಂ ಸಾರಜನಕ ಅಂದರೆ 8.6 ಗ್ರಾಂ ಯೂರಿಯಾ. 20 ಮರಿಗಳಿಗೆ ದಿನಕ್ಕೆ 170 ಗ್ರಾಂ, ಹತ್ತು ದಿನಕ್ಕೆ 1.7 ಕೆ.ಜಿ. ಇದು ಮಾಮೂಲಾಗಿ ಮೂತ್ರದಲ್ಲಿ ಹೋಗುವುದರ ಮೇಲೆ ಹೆಚ್ಚುವರಿ. ನೆಲದ ಹಿಕ್ಕೆಯಲ್ಲಿರುವ ಬ್ಯಾಕ್ಟೀರಿಯಾ ಈ ಯೂರಿಯಾವನ್ನು ಮತ್ತೆ ಅಮೋನಿಯಾ ಮಾಡುತ್ತವೆ, ರಾತ್ರಿ ಬಾಗಿಲು ಮುಚ್ಚಿದಾಗ ಶೆಡ್ಡಿನಲ್ಲಿ ತುಂಬಿಕೊಳ್ಳುತ್ತದೆ. ಬೆಳಗ್ಗೆ ನಿಮ್ಮ ಕಣ್ಣಿಗೆ ಹೊಡೆಯುವುದು ನೀವು ದುಡ್ಡು ಕೊಟ್ಟು ತಂದ ಹಿಂಡಿಯೇ! ಮರಿಗಳ ಶ್ವಾಸಕೋಶಕ್ಕೂ ಅದು ಒಳ್ಳೆಯದಲ್ಲ. ನ್ಯುಮೋನಿಯಾಕ್ಕೆ ದಾರಿ ಮಾಡಿಕೊಡುತ್ತದೆ.

ಲಿವರಿನಾಚೆ ನಡೆಯುವುದನ್ನೂ ಸ್ವಲ್ಪ ನೋಡಬೇಕು, ಜೋಳದ ಪ್ರಶ್ನೆಗೆ ಉತ್ತರ ಅಲ್ಲಿದೆ. ಕುರಿ ತಿಂದ ಪಿಷ್ಟ, ನಾರು ರೂಮೆನ್‌ನಲ್ಲಿ ಹುದುಗಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಮೂರು ಆಮ್ಲಗಳಾಗುತ್ತವೆ. ಮರಿಯ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಇವುಗಳಿಂದಲೇ ಬರುತ್ತದೆ. ಹುಲ್ಲು ಹೆಚ್ಚಾದರೆ ಅಸಿಟಿಕ್ ಹೆಚ್ಚು, ಕಾಳು ಹೆಚ್ಚಾದರೆ ಪ್ರೊಪಿಯೋನಿಕ್ ಪಾಲು ಏರುತ್ತದೆ. ಕುರಿಯ ರಕ್ತಕ್ಕೆ ಗ್ಲೂಕೋಸ್ ಕರುಳಿನಿಂದ ಬರುವುದು ತೀರಾ ಕಡಿಮೆ. ಲಿವರ್ ಅದನ್ನು ತಯಾರಿಸಬೇಕು, ಅದಕ್ಕೆ ಮುಖ್ಯ ಕಚ್ಚಾವಸ್ತು ಪ್ರೊಪಿಯೋನಿಕ್. ಅದು ಸಾಲದಿದ್ದಾಗ ಲಿವರ್ ಅಮೈನೋ ಆಮ್ಲಗಳನ್ನು, ಅಂದರೆ ಕರುಳಿಗೆ ತಲುಪಿದ ಒಳ್ಳೆಯ ಪ್ರೋಟೀನನ್ನೇ, ಸುಟ್ಟು ಗ್ಲೂಕೋಸ್ ಮಾಡುತ್ತದೆ. ಅಲ್ಲಿಂದ ಹೊರಬೀಳುವ ಸಾರಜನಕವೂ ಮತ್ತೆ ಯೂರಿಯಾ. ರೂಮೆನ್‌ನಲ್ಲಿ ಒಮ್ಮೆ, ಲಿವರಿನಲ್ಲಿ ಇನ್ನೊಮ್ಮೆ, ಎರಡು ಕಡೆ ಸೋರಿಕೆ.

ಹಾರ್ಮೋನುಗಳೂ ಇದೇ ಮಾತನ್ನು ಹೇಳುತ್ತವೆ. ಶಕ್ತಿಯೂ ಪ್ರೋಟೀನೂ ಕೂಡಿ ಬಂದಾಗ ಇನ್ಸುಲಿನ್ ಏರುತ್ತದೆ, ಲಿವರ್ ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನನ್ನು ಬಿಡುತ್ತದೆ, ಮಾಂಸಖಂಡ ಅಮೈನೋ ಆಮ್ಲಗಳನ್ನು ಎಳೆದುಕೊಳ್ಳುತ್ತದೆ. ಶಕ್ತಿ ಕಡಿಮೆಯಾದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಗ್ರೋತ್ ಹಾರ್ಮೋನನ್ನು ಹೆಚ್ಚಾಗಿಯೇ ಸುರಿಸುತ್ತದೆ, ಆದರೆ ಲಿವರ್ ಅದಕ್ಕೆ ಓಗೊಡುವುದಿಲ್ಲ, ಐಜಿಎಫ್-1 ಇಳಿಯುತ್ತದೆ. ಆಗ ಗ್ರೋತ್ ಹಾರ್ಮೋನ್ ಮಾಡುವ ಕೆಲಸ ಮೈಯ ಕೊಬ್ಬನ್ನು ಕರಗಿಸುವುದೊಂದೇ. ಪೌಷ್ಟಿಕ ಟಾನಿಕ್ ಬಾಟಲಿಗಳು ಇಂಥ ಮರಿಗಳಲ್ಲಿ ಕೆಲಸ ಮಾಡದಿರಲು ಕಾರಣ ಇದೇ. ಅದಕ್ಕೆ ಹಾಕುವ ದುಡ್ಡಿನಲ್ಲಿ ಒಂದು ಚೀಲ ಜೋಳ ತನ್ನಿ.

ಈಗ ಬದಲಾಯಿಸಬೇಕಾದ್ದು. 100 ಕೆ.ಜಿ. ಕೈತಿಂಡಿಗೆ (ಹುಲ್ಲು ಸೊಪ್ಪಿನ ಜೊತೆ ಕೊಡುವ ಕಾಳು, ಹಿಂಡಿಯ ಮಿಶ್ರಣ) ಮುಸುಕಿನ ಜೋಳದ ನುಚ್ಚು 50 ಕೆ.ಜಿ., ಕಡಲೆಕಾಯಿ ಹಿಂಡಿ 18, ಕೊಬ್ಬರಿ ಹಿಂಡಿ 10, ಗೋಧಿ ಬೂಸಾ 18, ಖನಿಜ ಮಿಶ್ರಣ 2, ಸುಣ್ಣಕಲ್ಲಿನ ಪುಡಿ 1, ಅಡುಗೆ ಉಪ್ಪು 1 ಕೆ.ಜಿ. ಇದರಲ್ಲಿ ಒಣ ಅಂಶದ ಲೆಕ್ಕಕ್ಕೆ ಪ್ರೋಟೀನ್ ಶೇ. 17, ಟಿಡಿಎನ್ ಶೇ. 76 ಬರುತ್ತದೆ. ಕೊಬ್ಬರಿ ಹಿಂಡಿ ಯಾಕೆಂದರೆ ಅದರ ಪ್ರೋಟೀನಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ರೂಮೆನ್‌ನಲ್ಲಿ ಒಡೆಯದೆ ನೇರವಾಗಿ ಕರುಳಿಗೆ ಇಳಿಯುತ್ತದೆ. ತಿಪಟೂರು, ಅರಸೀಕೆರೆ ಕಡೆಯಿಂದ ನಿಮ್ಮ ಭಾಗಕ್ಕೂ ಬರುತ್ತದೆ. ಸಿಗದಿದ್ದರೆ ಅದರ ಜಾಗಕ್ಕೆ ಹತ್ತಿಕಾಳು ಹಿಂಡಿ ಹಾಕಬಹುದು, ಅದರಲ್ಲೂ ಅರ್ಧದಷ್ಟು ಹಾಗೇ ದಾಟುತ್ತದೆ. ಆದರೆ 100 ಕೆ.ಜಿ.ಗೆ 10 ಕೆ.ಜಿ. ಮೀರಬೇಡಿ, ಗಾಸಿಪಾಲ್ ಎಂಬ ವಿಷಾಂಶ ಎಳೆಯ ಮರಿಗಳ ಹೃದಯಕ್ಕೆ ಪೆಟ್ಟು ಕೊಡುತ್ತದೆ. ರೂಮೆನ್ ಇನ್ನೂ ಬಲಿಯದ ಹಾಲು ಕುಡಿಯುವ ಮರಿಗೆ ಅದನ್ನು ಕೊಡಲೇಬೇಡಿ.

15 ಕೆ.ಜಿ. ಮರಿಗೆ ಈ ಕೈತಿಂಡಿ ದಿನಕ್ಕೆ 300 ಗ್ರಾಂ, ಬೇಲಿ ಮೆಂತೆ ಈಗಿನಂತೆ ಅರ್ಧ ಕೆ.ಜಿ., ಹುರುಳಿ ಅಥವಾ ತೊಗರಿ ಹೊಟ್ಟು 100 ಗ್ರಾಂ, ರಾಗಿ ಹುಲ್ಲು 100 ಗ್ರಾಂ. ಒಟ್ಟು ಒಣ ಅಂಶ 575 ಗ್ರಾಂ, ಮೈತೂಕದ ಶೇ. 3.8. ಇದರಲ್ಲಿ ಪ್ರೋಟೀನ್ 78 ಗ್ರಾಂ, ಟಿಡಿಎನ್ 360 ಗ್ರಾಂ.

ಪ್ರೋಟೀನ್ 87ರಿಂದ 78ಕ್ಕೆ ಇಳಿದಿದೆ, ಗಮನಿಸಿ. ಆದರೂ ಕರುಳಿಗೆ ತಲುಪುವುದು ಹೆಚ್ಚಾಗಿದೆ. ಈಗ ರೂಮೆನ್‌ನಲ್ಲಿ ಒಡೆಯುವುದು 49 ಗ್ರಾಂ, ಸೂಕ್ಷ್ಮಾಣುಗಳು ಹಿಡಿದುಕೊಳ್ಳಬಲ್ಲದ್ದು 47 ಗ್ರಾಂ, ಪೋಲಾಗುವುದು ಇಲ್ಲವೆನ್ನುವಷ್ಟು. ಸೂಕ್ಷ್ಮಾಣುಗಳಿಂದ ಬಂದದ್ದು, ಒಡೆಯದೆ ದಾಟಿದ್ದು ಎರಡನ್ನೂ ಕೂಡಿಸಿ ಕರುಳಿನಲ್ಲಿ ಜೀರ್ಣವಾಗುವ ಪ್ರೋಟೀನ್ ಮೊದಲು ದಿನಕ್ಕೆ 44 ಗ್ರಾಂ ಇದ್ದದ್ದು ಈಗ 53 ಗ್ರಾಂ ಆಗುತ್ತದೆ. ಕಡಲೆಕಾಯಿ ಹಿಂಡಿ 150 ಗ್ರಾಮಿನಿಂದ 54 ಗ್ರಾಂಗೆ ಇಳಿಯಿತು, ನಿಮ್ಮ ಲೆಕ್ಕದ ಪುಸ್ತಕದಲ್ಲಿ ಇದು ಸಣ್ಣ ಮಾತಲ್ಲ. ಬನ್ನೂರು ಸಣ್ಣ ಮೈಕಟ್ಟಿನ ತಳಿ, ದಿನಕ್ಕೆ 200 ಗ್ರಾಂ ಏರಿಸುತ್ತೇವೆ ಎನ್ನುವ ಜಾಹೀರಾತು ನಂಬಬೇಡಿ. 90ರಿಂದ 100 ಗ್ರಾಂ ಬಂದರೆ ಚೆನ್ನಾಗಿ ಬಂದಂತೆ. ಆಗ ಒಂದು ಕೆ.ಜಿ. ತೂಕಕ್ಕೆ 6 ಕೆ.ಜಿ. ಒಣ ಅಂಶ ಖರ್ಚು. ಈಗ ನಿಮಗೆ ಸುಮಾರು 11 ಕೆ.ಜಿ. ಖರ್ಚಾಗುತ್ತಿದೆ.

ನುಚ್ಚನ್ನು ರವೆಗಿಂತ ದಪ್ಪ ಇರುವಂತೆ ಒಡೆಸಿ, ಹಿಟ್ಟು ಮಾಡಿಸಬೇಡಿ. ಹಿಟ್ಟು ರೂಮೆನ್‌ನಲ್ಲಿ ಒಮ್ಮೆಲೇ ಹುಳಿಯಾಗುತ್ತದೆ, ಮೂಗಿಗೂ ಹೋಗುತ್ತದೆ. ಕುರಿ ಕಾಳನ್ನು ಚೆನ್ನಾಗಿ ಅಗಿಯುವ ಪ್ರಾಣಿ, ದೊಡ್ಡ ಮರಿಗೆ ಇಡೀ ಕಾಳು ಕೊಟ್ಟರೂ ನಡೆಯುತ್ತದೆ. ಹಿಂಡಿಯನ್ನು ರಾತ್ರಿಯೆಲ್ಲಾ ನೆನೆಹಾಕಿ ಕಲಸಿ ಕೊಡುವ ರೂಢಿ ನಿಮ್ಮ ಕಡೆ ಇದೆ, ಬಿಡಿ. ಬೇಸಿಗೆಯಲ್ಲಿ ಬೆಳಗಾಗುವುದರೊಳಗೆ ಹುಳಿ ಬರುತ್ತದೆ, ಪ್ರೋಟೀನ್ ಇನ್ನೂ ಬೇಗ ಒಡೆಯುತ್ತದೆ. ದೂಳು ಏಳದಷ್ಟು ನೀರು ಚಿಮುಕಿಸಿದರೆ ಸಾಕು. ಹಿಂಡಿ ಬೆಳಗ್ಗೆ, ಜೋಳ ಸಂಜೆ ಅಂತ ಬೇರೆ ಬೇರೆ ಕೊಡುವವರಿದ್ದಾರೆ. ಎರಡೂ ಒಂದೇ ಗಳಿಗೆಯಲ್ಲಿ ರೂಮೆನ್ ಸೇರಬೇಕು ಎಂಬ ವಾದಕ್ಕೆ ಕೆಲವರು ಕೊಡುವಷ್ಟು ತೂಕ ನಾವು ಕೊಡುವುದಿಲ್ಲ, ಯೂರಿಯಾ ವಾಪಸು ಬರುವ ದಾರಿ ಇರುವುದರಿಂದ ಆ ವ್ಯತ್ಯಾಸ ಬಹುಪಾಲು ಸರಿಹೋಗುತ್ತದೆ. ಆದರೂ ಬೆರೆಸಿ ಕೊಡುವುದೇ ಮೇಲು, ಜೋಳವೊಂದನ್ನೇ ಒಂದು ಹೊತ್ತಿಗೆ ಸುರಿದರೆ ಹೊಟ್ಟೆ ಕೆಡುವ ಭಯವಿದೆ.

ಆ ಭಯ ಚಿಕ್ಕದಲ್ಲ. ನಾಳೆಯಿಂದಲೇ 300 ಗ್ರಾಂ ಸುರಿದರೆ ಮೂರನೇ ದಿನಕ್ಕೆ ಎರಡು ಮರಿ ಸತ್ತರೂ ಆಶ್ಚರ್ಯವಿಲ್ಲ. ಪಿಷ್ಟ ಒಮ್ಮೆಲೇ ಬಂದಾಗ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಅದನ್ನು ತಿನ್ನುವಂಥವು ನಿಧಾನ. ರೂಮೆನ್‌ನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕೆಳಗಿಳಿದರೆ ನಾರು ತಿನ್ನುವ ಸೂಕ್ಷ್ಮಾಣುಗಳು ಸುಸ್ತಾಗುತ್ತವೆ, ಇನ್ನೂ ಇಳಿದರೆ ಮರಿಯೇ ಮಲಗುತ್ತದೆ. ಅರಗದ ಪಿಷ್ಟ ಕರುಳಿಗೆ ಇಳಿದಾಗ ಕರುಳು ಬೇನೆ ತರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಕೆರಳುವುದೂ ಇದೇ ಹೊತ್ತಿನಲ್ಲಿ. ಆಗ ಸಾಯುವುದು ಗುಂಪಿನ ದಷ್ಟಪುಷ್ಟ ಮರಿಗಳೇ, ಹೆಚ್ಚು ತಿನ್ನುವವು ಅವೇ ತಾನೆ. ಆದ್ದರಿಂದ ಕೈತಿಂಡಿ ಏರಿಸುವ ಮುಂಚೆ ಕರುಳು ಬೇನೆ ಲಸಿಕೆ ಆಗಿರಲಿ. ಮೊದಲ ಸಲ ಹಾಕಿಸುವ ಮರಿಗೆ ಎರಡು ಮೂರು ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಒಂದೇ ಹಾಕಿಸಿ ಬಿಟ್ಟರೆ ಕಾಪಾಡುವುದಿಲ್ಲ.

ಶುರು ಮಾಡುವಾಗ ಹೊಸ ಮಿಶ್ರಣ 100 ಗ್ರಾಂ, ಹಳೆಯ ಹಿಂಡಿ 75 ಗ್ರಾಂ. ಎರಡೂವರೆ ದಿನಕ್ಕೊಮ್ಮೆಯಂತೆ 25 ಗ್ರಾಂ ಏರಿಸುತ್ತಾ ಹೋದರೆ ಮೂರು ವಾರಕ್ಕೆ 300 ಮುಟ್ಟುತ್ತದೆ. ಬೇರೆಯಾಗಿ ಕೊಡುವ ಹಿಂಡಿಯನ್ನು ಮೊದಲ ವಾರದ ಕೊನೆಗೆ ಪೂರ್ತಿ ನಿಲ್ಲಿಸಿ. ಬೆಳಗ್ಗೆ ಮೊದಲು ಹೊಟ್ಟು ಅಥವಾ ಹುಲ್ಲು ಹಾಕಿ, ಅರ್ಧ ಗಂಟೆ ಬಿಟ್ಟು ಕೈತಿಂಡಿ. ದಿನದ ಪಾಲನ್ನು ಎರಡು ಹೊತ್ತಿಗೆ ಹಂಚಿ. ಗೋದಲಿಯಲ್ಲಿ 20 ಮರಿಗಳೂ ಒಮ್ಮೆಗೇ ಮುಖ ಹಾಕುವಷ್ಟು ಉದ್ದ ಇರಬೇಕು, ಮರಿಗೆ ಒಂದಡಿಯಂತೆ. ಇಲ್ಲದಿದ್ದರೆ ಜೋರಿನ ಮರಿ 500 ಗ್ರಾಂ ತಿನ್ನುತ್ತದೆ, ಬಡಪಾಯಿಗೆ 100 ಸಿಗುತ್ತದೆ, ಸರಾಸರಿ ಮಾತ್ರ ಸರಿಯಾಗಿ ಕಾಣುತ್ತದೆ.

ಹಿಕ್ಕೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಗುಂಡಗೆ, ಬಿಡಿ ಬಿಡಿಯಾಗಿ, ಮೇಲೆ ಸ್ವಲ್ಪ ಹೊಳಪಿದ್ದರೆ ಸರಿ. ಹಿಕ್ಕೆ ಒಂದಕ್ಕೊಂದು ಅಂಟಿ ಮುದ್ದೆಯಾಗಿ, ಬಣ್ಣ ಬೂದಿಗೆ ತಿರುಗಿ ಹುಳಿ ವಾಸನೆ ಬಂದರೆ ಹೊಟ್ಟೆಯಲ್ಲಿ ಆಮ್ಲ ಏರುತ್ತಿದೆ. ಆ ದಿನವೇ ಕೈತಿಂಡಿ ಅರ್ಧಕ್ಕಿಳಿಸಿ, ಹುಲ್ಲು ಹೆಚ್ಚಿಸಿ, ಸರಿಹೋದ ಮೇಲೆ ಎರಡು ಹೆಜ್ಜೆ ಹಿಂದಿನಿಂದ ಮತ್ತೆ ಏರಿಸಿ. ಮೆಲುಕು ನಿಲ್ಲಿಸಿ ಹಲ್ಲು ಕಡಿಯುತ್ತಾ ನಿಂತ ಮರಿಗೆ 10ರಿಂದ 15 ಗ್ರಾಂ ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ ನಿಧಾನವಾಗಿ ಕುಡಿಸಬಹುದು. ಮಲಗಿದ ಮರಿಗೆ ಮನೆಮದ್ದು ಬೇಡ, ಪಶುವೈದ್ಯರನ್ನು ಕರೆಸಿ.

ಜೋಳದಿಂದ ಕೊಬ್ಬು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕೊಬ್ಬು ಕಟ್ಟುವುದು ಉಳಿದ ಶಕ್ತಿ. ಮಾಂಸ ಕಟ್ಟಲು ಪ್ರೋಟೀನ್ ಇಲ್ಲದೆ ಶಕ್ತಿ ಮಾತ್ರ ಇದ್ದಾಗ, ಇಲ್ಲವೇ ಮರಿ ಬಲಿತು ಮಾಂಸ ಕಟ್ಟುವ ವೇಗ ತಗ್ಗಿದಾಗ ಅದು ಕೊಬ್ಬಾಗುತ್ತದೆ. ರಾಗಿ ಹುಲ್ಲಿನ ಜೊತೆ ಬರೀ ಜೋಳ ಕೊಟ್ಟು ಸಾಕಿದ ಮರಿಗಳಲ್ಲಿ ಆಗುವುದು ಇದೇ. ಇಡೀ ಮೇವಿನಲ್ಲಿ ಪ್ರೋಟೀನ್ ಶೇ. 8ಕ್ಕಿಂತ ಕೆಳಗಿಳಿಯುತ್ತದೆ, ಸೂಕ್ಷ್ಮಾಣುಗಳಿಗೆ ಅಮೋನಿಯಾ ಸಾಲದೆ ಹುಲ್ಲೂ ಅರಗುವುದಿಲ್ಲ, ಹೊಟ್ಟೆ ಡೊಳ್ಳಾಗಿ ತೊಡೆ ಬಡಕಲಾಗಿ ಕಾಣುತ್ತದೆ, ಕಡಿದರೆ ಮೂತ್ರಪಿಂಡದ ಸುತ್ತ ಕೊಬ್ಬು. ಅದನ್ನು ಕಂಡವರು ಜೋಳವನ್ನು ಬೈಯುತ್ತಾರೆ. ನಾಲ್ಕೂವರೆ ತಿಂಗಳ, 15 ಕೆ.ಜಿ.ಯ ಮರಿಯಲ್ಲಿ ಪ್ರೋಟೀನ್ ಸರಿಯಿದ್ದರೆ ಶಕ್ತಿ ಮೊದಲು ಹೋಗುವುದು ಮಾಂಸಖಂಡಕ್ಕೆ. ಒಂದು ಕೆ.ಜಿ. ಮಾಂಸದಲ್ಲಿ ಮುಕ್ಕಾಲು ಭಾಗ ನೀರು, 200 ಗ್ರಾಂ ಚಿಲ್ಲರೆ ಪ್ರೋಟೀನ್, ಅದರೊಳಗಿನ ಶಕ್ತಿ ಸುಮಾರು 1,200 ಕಿಲೋ ಕ್ಯಾಲರಿ. ಒಂದು ಕೆ.ಜಿ. ಕೊಬ್ಬಿನ ಪೊರೆಯಲ್ಲಿ ಅದು 8,000ದ ಹತ್ತಿರ. ಎಳೆಯ ಮರಿ ಕಡಿಮೆ ಮೇವಿಗೆ ಹೆಚ್ಚು ತೂಕ ಕೊಡುವುದು, ಬಲಿತದ್ದು ತಿಂದರೂ ತೂಕ ತೋರಿಸದಿರುವುದು ಇದರಿಂದಲೇ.

ಯೂರಿಯಾ ಈಗ ನಿಮಗೆ ಬೇಡವೇ ಬೇಡ. ರೂಮೆನ್‌ನಲ್ಲಿ ಅಮೋನಿಯಾ ಉಕ್ಕುತ್ತಿರುವಾಗ ಅದರ ಮೇಲೆ ಯೂರಿಯಾ ಹಾಕುವುದು ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದಂತೆ. ಬೇಲಿ ಮೆಂತೆಯೂ ಇಲ್ಲದೆ, ಒಣಹುಲ್ಲೊಂದೇ ಗತಿ ಎಂಬ ಬೇಸಿಗೆಯಲ್ಲಿ 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ ಸಿಂಪಡಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟು, ತೆಗೆದು ಆರಿಸಿ ಕೊಡುವ ಪದ್ಧತಿ ಒಳ್ಳೆಯದು. ಕೈತಿಂಡಿಗೆ ಕೈಯಳತೆಯಲ್ಲಿ ಯೂರಿಯಾ ಬೆರೆಸುವುದು ಮಾತ್ರ ಬೇಡ. ಒಂದು ಕಡೆ ಗಂಟು ಉಳಿದರೆ ಅದು ಸಿಕ್ಕಿದ ಮರಿ ಗಂಟೆಯೊಳಗೆ ನಡುಗಿ, ಹೊಟ್ಟೆಯುಬ್ಬರಿಸಿ ಬೀಳುತ್ತದೆ.

ಟಗರು ಮರಿಗಳಿಗೆ ಕಾಳು ಶುರುಮಾಡಿದ ಮೇಲೆ ಬರುವ ಇನ್ನೊಂದು ತೊಂದರೆ ಮೂತ್ರದ ಕಲ್ಲು. ಜೋಳ, ಬೂಸಾ ಎರಡರಲ್ಲೂ ರಂಜಕ ಹೆಚ್ಚು, ಸುಣ್ಣ ಕಡಿಮೆ. ರಂಜಕದ ಎರಡರಷ್ಟು ಸುಣ್ಣದಂಶ ಇರಬೇಕು. ಸುಣ್ಣಕಲ್ಲಿನ ಪುಡಿ ಸೇರಿಸಿದ್ದು ಅದಕ್ಕೇ, ಮರೆಯಬೇಡಿ. ಗೂಡುಸುಣ್ಣವಲ್ಲ, ಮೇವಿಗೆಂದೇ ಸಿಗುವ ಕ್ಯಾಲ್ಸೈಟ್ ಪುಡಿ. ಮರಿ ಕಾಲಗಲಿಸಿ ತಿಣುಕುತ್ತಾ ಹನಿಹನಿಯಾಗಿ ಮೂತ್ರ ಮಾಡುತ್ತಿದ್ದರೆ, ಹೊಟ್ಟೆಯ ಕೆಳಗಿನ ಕೂದಲಿಗೆ ಉಪ್ಪಿನ ಹರಳಿನಂಥದ್ದು ಅಂಟಿದ್ದರೆ ಕಾಯಬೇಡಿ. ಗುಂಪಿನಲ್ಲಿ ಒಂದಕ್ಕೆ ಕಂಡರೂ ಇಡೀ ಮಿಶ್ರಣಕ್ಕೆ ಶೇ. 0.5ರಷ್ಟು ಮೇವಿನ ದರ್ಜೆಯ ನವಸಾಗರ (ಅಮೋನಿಯಂ ಕ್ಲೋರೈಡ್) ಸೇರಿಸುವ ಬಗ್ಗೆ ವೈದ್ಯರನ್ನು ಕೇಳಿ. ಶುದ್ಧ ನೀರು ಸದಾ ಇರಲಿ, ಈ ಮರಿಗೆ ದಿನಕ್ಕೆ ಒಂದೂವರೆ ಎರಡು ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಖನಿಜ ಮಿಶ್ರಣ ಕೊಳ್ಳುವಾಗ ಕುರಿಯದ್ದೇ ಕೇಳಿ. ದನದ ಮಿಶ್ರಣದಲ್ಲಿ ತಾಮ್ರ ಹೆಚ್ಚಿರುತ್ತದೆ. ದನ ಅದನ್ನು ಹೊರಹಾಕುತ್ತದೆ, ಕುರಿ ಲಿವರಿನಲ್ಲಿ ಕೂಡಿಡುತ್ತದೆ, ತಿಂಗಳುಗಟ್ಟಲೆ ಏನೂ ಕಾಣದೆ ಒಂದು ದಿನ ಕಾಮಾಲೆ ಬಂದು, ಕೆಂಪು ಮೂತ್ರ ಹೋಗಿ ಸಾಯುತ್ತದೆ. ಕೋಳಿ ಮೇವು ಅಗ್ಗಕ್ಕೆ ಸಿಕ್ಕಿತೆಂದು ಕೊಡುವುದೂ ಇದೇ ಕಾರಣಕ್ಕೆ ತಪ್ಪು. ಮಿಶ್ರಣದಲ್ಲಿ ಕೋಬಾಲ್ಟ್ ಇದೆಯೇ ಎಂದು ಚೀಟಿ ನೋಡಿ. ರೂಮೆನ್‌ನ ಸೂಕ್ಷ್ಮಾಣುಗಳು ಅದರಿಂದ ವಿಟಮಿನ್ ಬಿ12 ಮಾಡುತ್ತವೆ, ಪ್ರೊಪಿಯೋನಿಕ್ ಆಮ್ಲವನ್ನು ಗ್ಲೂಕೋಸ್ ಮಾಡುವ ಹಾದಿಯಲ್ಲಿ ಬಿ12 ಇಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ. ಕೊಬ್ಬರಿ, ಕಡಲೆಕಾಯಿ ಎರಡು ಹಿಂಡಿಯನ್ನೂ ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟು ಮಾತ್ರ ತನ್ನಿ, ಹಸಿರು ಬೂಷ್ಟು ಕಂಡದ್ದನ್ನು ತಿಪ್ಪೆಗೆ ಹಾಕಿ. ಒಣಗಿಸಿ ಬೂಷ್ಟು ಉದುರಿಸಿದರೂ ಅದರ ವಿಷವಾದ ಅಫ್ಲಾಟಾಕ್ಸಿನ್ ಉಳಿಯುತ್ತದೆ. 20 ಮರಿಗೆ ದಿನಕ್ಕೆ 6 ಕೆ.ಜಿ. ಕೈತಿಂಡಿ ಬೇಕು, 100 ಕೆ.ಜಿ.ಯ ಒಂದು ಮಿಶ್ರಣ 16 ದಿನ ಬರುತ್ತದೆ, ಹೆಚ್ಚು ಕಲಸಿಡುವ ಅಗತ್ಯವೂ ಇಲ್ಲ.

ತೂಕವನ್ನು 15 ದಿನಕ್ಕೊಮ್ಮೆ, ಬೆಳಗ್ಗೆ ಮೇವು ನೀರು ಕೊಡುವ ಮುಂಚೆ, ಅದೇ ತಕ್ಕಡಿಯಲ್ಲಿ ನೋಡಿ. ಮೊದಲ ಎರಡು ವಾರ ತೂಕ ಜಿಗಿದರೆ ಹಿಗ್ಗಬೇಡಿ. ಮೇವು ಹೆಚ್ಚಾದಾಗ ಮೊದಲು ಹಿಗ್ಗುವುದು ಹೊಟ್ಟೆ, ಕರುಳು, ಲಿವರ್. ಇವು ಮೈತೂಕದಲ್ಲಿ ಹತ್ತನೇ ಒಂದು ಭಾಗವಷ್ಟೇ ಇದ್ದರೂ ಮರಿ ಬಳಸುವ ಆಮ್ಲಜನಕದಲ್ಲಿ ಅರ್ಧಕ್ಕೆ ಹತ್ತಿರ ತಾವೇ ನುಂಗುತ್ತವೆ. ಹಸಿದ ಕಾಲದಲ್ಲಿ ಕುಗ್ಗಿ ಖರ್ಚು ಉಳಿಸಿರುತ್ತವೆ. ಹಸಿದ ಮರಿಗೆ ಒಳ್ಳೆಯ ಮೇವು ಸಿಕ್ಕಿದೊಡನೆ ಹಿಂದಿನ ಬಾಕಿಯನ್ನೂ ಸೇರಿಸಿ ಬೆಳೆದಂತೆ ಕಾಣುವುದರ ಹಿಂದೆ ಇದೂ ಒಂದು ಕಾರಣ. ಮಾಂಸದ ಲೆಕ್ಕ ಮೂರನೇ ತೂಕದಿಂದ ಹಿಡಿಯಿರಿ. ಮರಿ ಬೆಳೆದಂತೆ ಕೈತಿಂಡಿಯನ್ನು ಮೈತೂಕದ ಶೇ. 2ರಲ್ಲಿ ಇರಿಸಿ, 18 ಕೆ.ಜಿ.ಗೆ 360 ಗ್ರಾಂ, 20 ಕೆ.ಜಿ.ಗೆ 400 ಗ್ರಾಂ, ಸೊಪ್ಪು ಹೊಟ್ಟೂ ಅದೇ ಪ್ರಮಾಣದಲ್ಲಿ ಏರಲಿ. 22 ಕೆ.ಜಿ. ದಾಟಿದ ಮೇಲೆ ಮಿಶ್ರಣದಲ್ಲಿ ಕಡಲೆಕಾಯಿ ಹಿಂಡಿ 18ರಿಂದ 12ಕ್ಕಿಳಿಸಿ ಜೋಳವನ್ನು 56 ಮಾಡಿ, ಆಗ ಪ್ರೋಟೀನ್ ಶೇ. 15ಕ್ಕೆ ಬರುತ್ತದೆ, ಆ ವಯಸ್ಸಿಗೆ ಸಾಕು.

ಒಂದೂವರೆ ತಿಂಗಳಾದರೂ ದಿನಕ್ಕೆ 70 ಗ್ರಾಂ ಮುಟ್ಟದಿದ್ದರೆ ನಾಲ್ಕೈದು ಮರಿಗಳ ರಕ್ತ ತೆಗೆಸಿ ಯೂರಿಯಾ ನೋಡಿಸಿ. ಲ್ಯಾಬಿನ ಚೀಟಿಯಲ್ಲಿ ಬಿಯುಎನ್ (ರಕ್ತದ ಯೂರಿಯಾದಲ್ಲಿರುವ ಸಾರಜನಕ) ಎಂದಿದೆಯೇ, ಯೂರಿಯಾ ಎಂದಿದೆಯೇ ಮೊದಲು ನೋಡಿಕೊಳ್ಳಿ, ಬಿಯುಎನ್ ಅಂಕಿಯನ್ನು 2.14ರಿಂದ ಗುಣಿಸಿದರೆ ಯೂರಿಯಾ ಆಗುತ್ತದೆ. ಇವೆರಡನ್ನು ಅದಲುಬದಲು ಮಾಡಿ ಗಾಬರಿಯಾಗುವವರು ಬಹಳ. 100 ಮಿ.ಲೀ.ಗೆ ಬಿಯುಎನ್ 8 ಮಿ.ಗ್ರಾಂಗಿಂತ ಕೆಳಗಿದ್ದರೆ ಪ್ರೋಟೀನ್ ನಿಜಕ್ಕೂ ಕಡಿಮೆ. 20 ದಾಟಿದ್ದರೆ ಪ್ರೋಟೀನ್ ಹೆಚ್ಚಾಗಿರಬಹುದು, ಇಲ್ಲವೇ ಮರಿ ಹಸಿದು ತನ್ನ ಮಾಂಸವನ್ನೇ ಕರಗಿಸುತ್ತಿರಬಹುದು, ಎರಡರಲ್ಲೂ ಅಂಕಿ ಒಂದೇ ಥರ ಏರುತ್ತದೆ. ಯಾವುದೆಂದು ತಿಳಿಯಲು ಬೆನ್ನುಮೂಳೆಯ ಮೇಲೆ ಬೆರಳಾಡಿಸಿ. ಮೂಳೆಯ ತುದಿ ಚೂಪಾಗಿ ಸಿಕ್ಕರೆ ಮೇವು ಸಾಲುತ್ತಿಲ್ಲ, ಎರಡೂ ಪಕ್ಕ ಮಾಂಸ ತುಂಬಿ ದುಂಡಗಿದ್ದರೆ ಹಿಂಡಿಯನ್ನು ಇನ್ನೂ ಇಳಿಸಬಹುದು.